ಮೊದಲ ವಾರ ಮುಗಿಯುತ್ತಾ ಬಂತು, ಒಬ್ಬರ ಹೆಸರೂ ಗೊತ್ತಿಲ್ಲ

(ಆನ್‌ಲೈನ್ ಚರ್ಚೆಯೊಂದರ ಬರಹಗಳಿವು. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು; ಪ್ರಶ್ನೆ ಕೇಳಿದ ಹುಡುಗಿಯ ಅಡ್ಡಹೆಸರು ‘ನಾಲ್ಕನೇ ದಿನ’.)

ನಾಲ್ಕನೇ ದಿನ (ಗುರುವಾರ ರಾತ್ರಿ)

ಕಾಲೇಜು ಸೇರಿ ಇಂದಿಗೆ ನಾಲ್ಕು ದಿನ. ಮನೆ ದೂರ, ಹಾಸ್ಟೆಲ್‌ನಲ್ಲಿದ್ದೇನೆ. ಯಾರೂ ನನ್ನನ್ನು ಬೈದಿಲ್ಲ, ಯಾರೂ ಕಾಡಿಸಿಲ್ಲ. ಆದರೂ ಎದೆಯ ಮೇಲೆ ಕಲ್ಲು ಹೇರಿದಂತಿದೆ. ಏಕೆ ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಇವತ್ತು ನಡೆದದ್ದನ್ನೇ ಹೇಳುತ್ತೇನೆ.

ಹತ್ತು ಗಂಟೆಯ ತರಗತಿ. ವೇಳಾಪಟ್ಟಿಯಲ್ಲಿದ್ದ ಕೊಠಡಿ ಸಂಖ್ಯೆ ಹುಡುಕುತ್ತಾ ಎರಡು ಮಹಡಿ ಹತ್ತಿ ಇಳಿದು ಐದು ನಿಮಿಷ ತಡವಾಯಿತು. ಬಾಗಿಲಲ್ಲಿ ನಿಂತಾಗ ಇಡೀ ಕೊಠಡಿ ತಿರುಗಿ ನೋಡಿತು. ಮೂರನೇ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಕೂರಲು ಹೋದರೆ ಪಕ್ಕದ ಹುಡುಗಿ ತನ್ನ ಚೀಲವನ್ನು ಅಲ್ಲಿಗೆ ಸರಿಸಿ, ‘ಇಲ್ಲಿ ಒಬ್ಬರು ಬರುತ್ತಾರೆ’ ಎಂದಳು. ಕೊನೆಯ ಸಾಲಿಗೆ ಹೋಗಿ ಕುಳಿತೆ. ಆಮೇಲೆ ಪಾಠ ಒಂದಕ್ಷರ ತಲೆಗೆ ಹೋಗಲಿಲ್ಲ. ಆ ಚೀಲದ ಜಾಗಕ್ಕೆ ತರಗತಿ ಮುಗಿಯುವವರೆಗೂ ಯಾರೂ ಬರಲಿಲ್ಲ, ಅದನ್ನೇ ನೋಡುತ್ತಾ ಕುಳಿತಿದ್ದೆ.

ಮಧ್ಯಾಹ್ನ ಮೊಬೈಲ್ ನೋಡುತ್ತಾ ಊಟ ಮುಗಿಸಿದೆ. ನೋಡುವುದಕ್ಕೆ ಏನೂ ಇರಲಿಲ್ಲ, ಹಳೆಯ ಫೋಟೋಗಳನ್ನು ಸರಿಸುತ್ತಿದ್ದೆ ಅಷ್ಟೇ. ಸಂಜೆ ಅಮ್ಮ ಫೋನ್ ಮಾಡಿದಾಗ ‘ಎಲ್ಲ ಚೆನ್ನಾಗಿದೆ’ ಎಂದೆ. ಆಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ನಾಲ್ಕೇ ದಿನಗಳಲ್ಲಿ ಎಲ್ಲರಿಗೂ ಗುಂಪು ಸಿಕ್ಕಿದೆ. ನನಗೊಬ್ಬಳಿಗೇ ಹೀಗಾಗುತ್ತಿದೆಯೇ? ಮನೆಗೆ ಹಿಂದಿರುಗಿಬಿಡೋಣವೇ ಎಂಬ ಯೋಚನೆ ದಿನಕ್ಕೆ ನಾಲ್ಕಾರು ಸಲ ಬರುತ್ತದೆ.

ಎರಡನೇ ವರ್ಷ

ತಂಗಿ, ಮೊದಲು ಆ ‘ಗುಂಪು’ಗಳ ವಿಷಯ ಹೇಳಿಬಿಡುತ್ತೇನೆ, ನಾನೂ ಒಂದರಲ್ಲಿದ್ದೆ. ಸೋಮವಾರ ಪ್ರವೇಶದ ಸಾಲಿನಲ್ಲಿ ಹಿಂದೆ ಮುಂದೆ ನಿಂತಿದ್ದ ಆರು ಜನ ಮಂಗಳವಾರದಿಂದ ಒಟ್ಟಿಗೆ ಓಡಾಡತೊಡಗಿದೆವು. ಒಬ್ಬರಿಗೊಬ್ಬರು ಇಷ್ಟವಾಗಿದ್ದೆವು ಎಂದಲ್ಲ, ಒಬ್ಬರೇ ಇರಲು ಎಲ್ಲರಿಗೂ ಹೆದರಿಕೆ. ಯಾರೋ ಏನೋ ಹೇಳಿದರೆ ಎಲ್ಲರೂ ನಗುತ್ತಿದ್ದೆವು. ರಾತ್ರಿ ಕೋಣೆಗೆ ಬಂದರೆ ಕೆನ್ನೆ ನೋಯುತ್ತಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಗುಂಪು ತಾನಾಗಿಯೇ ಕರಗಿತು. ಜಗಳವೇನೂ ಆಗಲಿಲ್ಲ, ಒಬ್ಬೊಬ್ಬರೂ ತಮಗೆ ಹೊಂದುವವರ ಕಡೆ ಹೋದರು. ಇವತ್ತು ಆ ಆರರಲ್ಲಿ ಒಬ್ಬಳು ಮಾತ್ರ ನನ್ನ ಗೆಳತಿ. ನನ್ನ ಅತ್ಯಂತ ಆಪ್ತ ಗೆಳತಿಯನ್ನು ನಾನು ಮಾತನಾಡಿಸಿದ್ದು ಮೂರನೇ ತಿಂಗಳಿನಲ್ಲಿ. ಹಾಗಾಗಿ ಈ ವಾರ ನಿನ್ನ ಕಣ್ಣಿಗೆ ಬೀಳುತ್ತಿರುವುದನ್ನು ಮುಗಿದ ಲೆಕ್ಕ ಎಂದುಕೊಳ್ಳಬೇಡ.

ಒಂದು ಕೆಲಸ ಮಾಡು. ಪ್ರತಿ ತರಗತಿಯಲ್ಲೂ ಒಂದು ಜಾಗ ಆರಿಸಿಕೊಂಡು ದಿನವೂ ಅಲ್ಲೇ ಕುಳಿತುಕೋ. ಸಾಧ್ಯವಾದರೆ ಐದು ನಿಮಿಷ ಮುಂಚೆ ಹೋಗು. ಖಾಲಿ ಕೊಠಡಿಗೆ ಹೋಗಿ ಕುಳಿತರೆ ಬರುವವರು ನಿನ್ನ ಪಕ್ಕ ಬರುತ್ತಾರೆ. ತುಂಬಿದ ಕೊಠಡಿಗೆ ಹೋದರೆ ನೀನು ಜಾಗ ಕೇಳಬೇಕಾಗುತ್ತದೆ. ನಾಚಿಕೆಯ ಸ್ವಭಾವದವರಿಗೆ ಎರಡಕ್ಕೂ ಅಜಗಜಾಂತರ.

ಇನ್ನು ಹೆಸರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪರಿಚಯವಾದವರ ಹೆಸರು, ಪಕ್ಕದಲ್ಲಿ ಒಂದು ಗುರುತು ಬರೆದಿಡು: ದುಂಡು ಕನ್ನಡಕ, ಎಡಗೈ ಬರಹ, ಹೀಗೆ. ಮರೆತರೆ ‘ನಿಮ್ಮ ಹೆಸರು ಮರೆತೆ’ ಎಂದು ಈಗಲೇ ಕೇಳಿಬಿಡು. ಮೊದಲ ವಾರದಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಮೂರನೇ ತಿಂಗಳಿನಲ್ಲಿ ಅದೇ ಪ್ರಶ್ನೆಗೆ ನಾಲಿಗೆ ಏಳುವುದಿಲ್ಲ.

ಪಾಠದ ಮೇಷ್ಟ್ರು

ಇಪ್ಪತ್ತೆರಡು ವರ್ಷಗಳಿಂದ ಮೊದಲ ವರ್ಷದವರಿಗೆ ಪಾಠ ಹೇಳುತ್ತಿದ್ದೇನೆ. ವೇದಿಕೆಯ ಮೇಲೆ ನಿಂತವನಿಗೆ ಕಾಣುವುದನ್ನು ಹೇಳುತ್ತೇನೆ ಮಗು.

ತಡವಾಗಿ ಬಂದವರನ್ನು ನೂರು ಜನ ತಿರುಗಿ ನೋಡುತ್ತಾರೆ, ನಿಜ. ಬಾಗಿಲು ಸದ್ದಾದದ್ದಕ್ಕೆ ನೋಡುತ್ತಾರೆ. ನಾನು ಕಪ್ಪು ಹಲಗೆಯ ಕಡೆ ತಿರುಗುವಷ್ಟರಲ್ಲಿ ನನಗೇ ಮರೆತುಹೋಗಿರುತ್ತದೆ. ಇದನ್ನು ಪ್ರಯೋಗ ಮಾಡಿ ನೋಡಿದವರಿದ್ದಾರೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಅವರ ಸಹೋದ್ಯೋಗಿಗಳು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರವಿರುವ ಟೀ ಶರ್ಟ್ ತೊಡಿಸಿ, ಇತರರು ಕುಳಿತಿದ್ದ ಕೊಠಡಿಯೊಳಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಜನ ಆ ಚಿತ್ರವನ್ನು ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟು. ಇವತ್ತು ನಿನ್ನನ್ನು ನೋಡಿದವರಲ್ಲಿ ಹೆಚ್ಚಿನವರು ಊಟದ ಹೊತ್ತಿಗೆ ಆ ಕ್ಷಣವನ್ನು ನೆನಪಿನಲ್ಲಿ ಇಟ್ಟುಕೊಂಡಿರಲಾರರು.

ಒಂದೇ ಜಾಗದಲ್ಲಿ ಕೂರು ಎಂಬ ಮೇಲಿನ ಸಲಹೆ ಬಹಳ ಒಳ್ಳೆಯದು, ಅದಕ್ಕೂ ಆಧಾರವಿದೆ. ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬ ಇಬ್ಬರು ಸಂಶೋಧಕರು 1992ರಲ್ಲಿ ನಾಲ್ವರು ಯುವತಿಯರನ್ನು ಒಂದು ದೊಡ್ಡ ತರಗತಿಗೆ ವಿದ್ಯಾರ್ಥಿನಿಯರಂತೆ ಕಳುಹಿಸುವ ಪ್ರಯೋಗವನ್ನು ವರದಿ ಮಾಡಿದರು. ಒಬ್ಬಳು ಒಮ್ಮೆಯೂ ಹೋಗಲಿಲ್ಲ, ಉಳಿದವರು ಐದು, ಹತ್ತು, ಹದಿನೈದು ಸಲ ಹೋದರು. ಯಾರನ್ನೂ ಮಾತನಾಡಿಸಕೂಡದು, ಬರುವುದು, ಕೂರುವುದು, ಹೋಗುವುದು ಇಷ್ಟೇ ಕೆಲಸ. ಕೊನೆಗೆ ತರಗತಿಯವರಿಗೆ ನಾಲ್ವರ ಭಾವಚಿತ್ರಗಳನ್ನು ತೋರಿಸಿದಾಗ, ಹೆಚ್ಚು ಸಲ ಬಂದವಳೇ ಹೆಚ್ಚು ಇಷ್ಟವಾಗಿದ್ದಳು. ಒಂದು ಮಾತೂ ಆಡದೆ! ನೀನು ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದರೂ ಏನೋ ಒಂದು ಕೆಲಸ ನಡೆಯುತ್ತಿರುತ್ತದೆ. ಬರುವುದನ್ನು ಮಾತ್ರ ಬಿಡಬೇಡ.

ಮೌನಿ

ಇಲ್ಲಿ ಎಲ್ಲರೂ ‘ಬೆರೆಯಿರಿ, ಬೆರೆಯಿರಿ’ ಎನ್ನುವ ಕಡೆಗೇ ಹೋಗುತ್ತಿದ್ದಾರೆ. ನನ್ನ ಮೊದಲ ವಾರವನ್ನು ಹಾಳು ಮಾಡಿದ್ದೇ ಈ ಒತ್ತಾಯ. ಸ್ವಾಗತ ಸಮಾರಂಭ, ಪರಿಚಯದ ಆಟ, ಸಂಘಗಳ ಮೇಳ, ಎಲ್ಲದಕ್ಕೂ ಹೋದೆ. ಎಲ್ಲಿಯೂ ಎರಡು ವಾಕ್ಯಕ್ಕಿಂತ ಹೆಚ್ಚು ಯಾರೊಂದಿಗೂ ಮಾತನಾಡಲಿಲ್ಲ. ಪ್ರತಿ ಸಲವೂ ಸೋತು ಬಂದಂತೆ ಕೋಣೆಗೆ ಬರುತ್ತಿದ್ದೆ. ಒಂಟಿಯಾಗಿ ಊಟ ಮಾಡುವುದು ಅಪರಾಧವಲ್ಲ. ನನಗೆ ಗ್ರಂಥಾಲಯದ ಎರಡನೇ ಮಹಡಿಯಲ್ಲಿ ಕಿಟಕಿಯ ಪಕ್ಕದ ಒಂದು ಮೇಜು ಸಿಕ್ಕ ದಿನ ಕಾಲೇಜು ನನ್ನದು ಎನ್ನಿಸಿತು. ಜನ ಸಿಗುವ ಮೊದಲು ನನಗೆ ಬೇಕಾಗಿದ್ದದ್ದು ಒಂದು ಜಾಗ.

ಎರಡನೇ ವರ್ಷ

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸಮಾರಂಭಗಳಲ್ಲಿ ಸ್ನೇಹ ಹುಟ್ಟುವುದು ಅಪರೂಪ. ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ್ದೆ. ಹೊಸದಾಗಿ ಕಾಲೇಜು ಸೇರಿದವರೂ ಅದರಲ್ಲಿದ್ದರು. ಪರಿಚಯ ಸಾಧಾರಣ ಸ್ನೇಹವಾಗಲು ಒಟ್ಟಿಗೆ ಕಳೆದ ಸುಮಾರು 50 ಗಂಟೆಗಳಾದರೂ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗಳಿಗೂ ಹೆಚ್ಚು ಎಂಬುದು ಅವರ ಅಂದಾಜು. ತಂಗಿ, ನಾಲ್ಕು ದಿನಗಳಲ್ಲಿ ನೀನು ಒಬ್ಬರೊಂದಿಗೆ ಎಷ್ಟು ಗಂಟೆ ಕಳೆದಿರಲು ಸಾಧ್ಯ? ಎರಡು? ಮೂರು? ಐವತ್ತಕ್ಕೆ ಎಷ್ಟು ದೂರವಿದೆ ನೋಡು. ಇದರಲ್ಲಿ ನಿನ್ನ ಗುಣದ ಕೊರತೆ ಎಲ್ಲಿ ಬಂತು?

ಅದಕ್ಕೇ ನನಗೆ ಸಮಾರಂಭಕ್ಕಿಂತ ವಾರಕ್ಕೆ ಎರಡು ಸಲ ಅದೇ ಜನ ಸೇರುವ ಯಾವುದಾದರೂ ಕೆಲಸದ ಮೇಲೆ ನಂಬಿಕೆ. ನಾಟಕದ ತಂಡವಿರಲಿ, ಓಟವಿರಲಿ, ಗೋಡೆಪತ್ರಿಕೆ ಇರಲಿ. ಕೈಗೆ ಕೆಲಸವಿದ್ದರೆ ಬಾಯಿಗೆ ಮಾತು ಹುಡುಕುವ ಕಷ್ಟ ಇರುವುದಿಲ್ಲ. ಒಂದನ್ನು ಮಾತ್ರ ಆರಿಸಿಕೋ. ಮೊದಲ ವಾರದ ಉತ್ಸಾಹಕ್ಕೆ ಐದು ಕಡೆ ಹೆಸರು ಕೊಟ್ಟು ನಾನು ಐದನ್ನೂ ಬಿಟ್ಟೆ.

ಇಬ್ಬರು ಮಕ್ಕಳ ತಾಯಿ

ನಲ್ಲಿ ತಿರುಗಿಸಿ ಅತ್ತೆ ಎಂಬುದನ್ನು ಓದಿ ನನಗೆ ತಡೆಯಲಾಗಲಿಲ್ಲ ಮಗಳೇ. ನನ್ನ ಹಿರಿಯ ಮಗನೂ ಮೊದಲ ವಾರ ದಿನವೂ ‘ಚೆನ್ನಾಗಿದ್ದೇನೆ ಅಮ್ಮ’ ಎನ್ನುತ್ತಿದ್ದ. ‘ಚೆನ್ನಾಗಿದ್ದೇನೆ’ ಎನ್ನುವಾಗ ದನಿ ಹೇಗಿರುತ್ತದೆ ಎಂಬುದು ಹೆತ್ತವರಿಗೆ ಗೊತ್ತಾಗುತ್ತದೆ. ಅವನು ನನ್ನನ್ನು ನೋಯಿಸಬಾರದೆಂದು ಹೇಳುತ್ತಿರಲಿಲ್ಲ, ನಾನು ಅವನನ್ನು ಅಳಿಸಬಾರದೆಂದು ಕೇಳುತ್ತಿರಲಿಲ್ಲ. ಹೀಗೆ ಇಬ್ಬರೂ ಹತ್ತು ದಿನ ಒದ್ದಾಡಿದೆವು.

ಹನ್ನೊಂದನೇ ದಿನ ಅವನು ಬೇರೇನೂ ಹೇಳಲಿಲ್ಲ, ‘ಅಮ್ಮ, ಇಲ್ಲಿ ಬಟ್ಟೆ ಒಣಗುವುದೇ ಇಲ್ಲ’ ಎಂದ. ಅರ್ಧ ಗಂಟೆ ಬಟ್ಟೆ ಒಣಗಿಸುವುದರ ಬಗ್ಗೆ ಮಾತನಾಡಿದೆವು. ಫೋನ್ ಇಟ್ಟಾಗ ಇಬ್ಬರಿಗೂ ಹಗುರವಾಗಿತ್ತು. ಎಲ್ಲ ದುಃಖವನ್ನೂ ಒಂದೇ ಸಲ ತಾಯಿಯ ಮುಂದೆ ಸುರಿಯಬೇಕಾಗಿಲ್ಲ. ದಿನಕ್ಕೆ ಒಂದು ನಿಜ ಹೇಳು, ಚಿಕ್ಕದಾದರೂ ಸಾಕು. ಕೊಠಡಿ ಸಿಗದೆ ಮಹಡಿ ಹತ್ತಿ ಇಳಿದದ್ದನ್ನು ಹೇಳು.

ಹೆತ್ತವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ‘ಊಟವಾಯಿತೇ, ಓದಿದೆಯಾ’ ಎನ್ನುವುದರ ಜೊತೆಗೆ ‘ಇವತ್ತು ಯಾರ ಪಕ್ಕ ಕುಳಿತಿದ್ದೆ’ ಎಂದೂ ಕೇಳಿ.

ಸಮಾಲೋಚಕಿ

ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಆಪ್ತ ಸಮಾಲೋಚನೆ ನನ್ನ ಕೆಲಸ. ಮನೆಯ ಹಂಬಲದಿಂದ ಮೈಮನಸ್ಸು ಕುಗ್ಗುವುದು ಹೊಸದೇನಲ್ಲ. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್‌ಲ್ಯಾಂಡ್‌ನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ‘ನಾಸ್ಟಾಲ್ಜಿಯಾ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಎರಡು ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಅವನು ದಾಖಲಿಸಿದ ರೋಗಿಗಳಲ್ಲಿ ಒಬ್ಬ ಬರ್ನ್‌ನಿಂದ ಬಾಸೆಲ್‌ಗೆ ಓದಲು ಬಂದಿದ್ದ ತರುಣ. ಹಾಸಿಗೆ ಹಿಡಿದಿದ್ದ ಆತ ಊರಿಗೆ ಹೊರಡಿಸಿದೊಡನೆ ಚೇತರಿಸಿಕೊಂಡನಂತೆ. ಮುನ್ನೂರು ವರ್ಷಗಳ ಹಿಂದೆಯೂ ಹೊಸ ಊರಿನಲ್ಲಿ ಓದಲು ಕುಳಿತ ಒಬ್ಬರಿಗೆ ನಿಮಗಾದದ್ದೇ ಆಗಿತ್ತು.

ಆ ಕಾಲದ ಮದ್ದು ಊರಿಗೆ ಕಳುಹಿಸುವುದು. ಇವತ್ತು ನಾವು ಅಷ್ಟು ಬೇಗ ಅದನ್ನು ಹೇಳುವುದಿಲ್ಲ. ಮೊದಲ ವಾರಾಂತ್ಯದಲ್ಲೇ ಮನೆಗೆ ಓಡಿಹೋದವರಿಗೆ ಹಿಂದಿರುಗುವ ಹೊತ್ತು ಮೊದಲಿಗಿಂತ ಭಾರವಾಗುವುದನ್ನು ಬಹಳ ಸಲ ನೋಡಿದ್ದೇನೆ. ಮನೆಗೆ ಹೋಗುವ ದಿನವನ್ನು ಮೊದಲೇ ನಿಗದಿ ಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ನಡುವಿನ ದಿನಗಳನ್ನು ಕಳೆಯುವುದು ಸುಲಭ.

ಒಂದು ಗೆರೆಯನ್ನು ಮಾತ್ರ ಸ್ಪಷ್ಟವಾಗಿ ಎಳೆಯಬೇಕು. ಅಳು ಬರುವುದು, ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಮೊದಲ ದಿನಗಳಲ್ಲಿ ಸಹಜ. ಎರಡು ವಾರ ಕಳೆದರೂ ನಿದ್ದೆ ಊಟ ಸರಿಹೋಗದಿದ್ದರೆ, ಹಾಸಿಗೆಯಿಂದ ಏಳಲು ಮನಸ್ಸಾಗದೆ ತರಗತಿಗಳು ತಪ್ಪತೊಡಗಿದರೆ, ನಿಮ್ಮ ಕಾಲೇಜಿನ ಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ಬದುಕುವುದೇ ಬೇಡ ಎನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಆ ಗಳಿಗೆಯಲ್ಲೇ ಪಕ್ಕದ ಕೋಣೆಯ ಬಾಗಿಲು ತಟ್ಟಿ, ವಾರ್ಡನ್ ಅವರನ್ನು ಎಬ್ಬಿಸಿ, ಮನೆಗೆ ಫೋನ್ ಮಾಡಿ. ಮಧ್ಯರಾತ್ರಿಯಾದರೂ ಸರಿ. ಹಿರಿಯ ವಿದ್ಯಾರ್ಥಿಗಳು ಯಾರಾದರೂ ‘ತಮಾಷೆ’ಯ ಹೆಸರಿನಲ್ಲಿ ಅವಮಾನ ಮಾಡಿದರೂ ಅದನ್ನು ಸಹಿಸುವುದು ಹೊಂದಿಕೊಳ್ಳುವುದರ ಭಾಗವಲ್ಲ. ದಿನಾಂಕ, ಸಮಯ ಸಮೇತ ಬರೆದು ದೂರು ಕೊಡಿ.

ನಾನೂ ಹೊಸಬ

ನಾನು ಕೂಡ ಇದೇ ವಾರ ಸೇರಿದವನು. ನನ್ನ ಕಷ್ಟ ಬೇರೆ. ಶಾಲೆಯಲ್ಲಿ ಪ್ರತಿ ವರ್ಷ ಮೊದಲ ಸ್ಥಾನ ನನ್ನದೇ. ಇಲ್ಲಿ ಕುಳಿತ ಎಲ್ಲರೂ ಅವರವರ ಶಾಲೆಯ ಮೊದಲ ಸ್ಥಾನದವರೇ. ನಾನು ಓದಿದ ಭಾಷೆ ಒಂದು, ಇಲ್ಲಿನ ಪಾಠದ ಭಾಷೆ ಇನ್ನೊಂದು. ನಿನ್ನೆ ಅಧ್ಯಾಪಕರು ಒಂದು ಪ್ರಶ್ನೆ ಕೇಳಿದರು. ಉತ್ತರ ನನಗೆ ಗೊತ್ತಿತ್ತು, ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುವಷ್ಟರಲ್ಲಿ ಇನ್ನೊಬ್ಬ ಹೇಳಿಬಿಟ್ಟ. ಪ್ರವೇಶ ಪಟ್ಟಿಯಲ್ಲಿ ನನ್ನ ಹೆಸರು ತಪ್ಪಿ ಬಂದಿರಬಹುದೇ ಎಂದು ನಿಜವಾಗಿಯೂ ಯೋಚಿಸಿದೆ.

ಪಾಠದ ಮೇಷ್ಟ್ರು

ಹೆಸರು ತಪ್ಪಿ ಬಂದಿಲ್ಲ ತಮ್ಮ. ನಿನ್ನ ಈ ಅನುಮಾನದ ಬಗ್ಗೆ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು 1978ರಷ್ಟು ಹಿಂದೆಯೇ ಬರೆದಿದ್ದಾರೆ. ನಿಜಕ್ಕೂ ಸಾಧನೆ ಮಾಡಿದ್ದ ಹೆಂಗಸರೇ ‘ನಾನು ಇದಕ್ಕೆ ಅರ್ಹಳಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ’ ಎಂದು ಒಳಗೊಳಗೇ ಹೆದರುತ್ತಿದ್ದುದನ್ನು ಅವರು ಕಂಡರು. ಹುಡುಗರಿಗೂ ಇದು ತಪ್ಪಿದ್ದಲ್ಲ ಎಂಬುದಕ್ಕೆ ನನ್ನ ಕೊಠಡಿಯೇ ಸಾಕ್ಷಿ.

ಭಾಷೆಯ ವಿಷಯಕ್ಕೆ ನಾನು ಹೇಳಿಕೊಡುವುದು ಇಷ್ಟು. ತರಗತಿಗೆ ಹೋಗುವ ಮೊದಲು ಅವತ್ತಿನ ಪಾಠವನ್ನು ಹತ್ತು ನಿಮಿಷ ಕಣ್ಣಾಡಿಸಿ, ಗೊತ್ತಿಲ್ಲದ ಎಂಟು ಹತ್ತು ಪಾರಿಭಾಷಿಕ ಪದಗಳನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಬಾ. ಆ ಪದಗಳು ಕಿವಿಗೆ ಬಿದ್ದಾಗ ಪರಿಚಿತರು ಎದುರಾದಂತೆ ಆಗುತ್ತದೆ, ಉಳಿದ ವಾಕ್ಯ ಅದರ ಹಿಂದೆ ಬರುತ್ತದೆ. ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ನಿನ್ನ ಭಾಷೆಯಲ್ಲೇ ಒಂದು ಹಾಳೆಯಲ್ಲಿ ಬರೆ. ಅವತ್ತೇ ಬರೆಯಬೇಕು. ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತನ್ನ ಮೇಲೆಯೇ ನಡೆಸಿ 1885ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೈಬಿಟ್ಟುಹೋಗಿತ್ತು. ಅರ್ಥವಿರುವ ಪಾಠ ಅಷ್ಟು ಬೇಗ ಅಳಿಯುವುದಿಲ್ಲ, ಆದರೂ ಹೆಚ್ಚಿನ ಮರೆವು ಮೊದಲ ಗಂಟೆಗಳಲ್ಲೇ ಎಂಬುದು ನಿಜ.

ಅಧ್ಯಾಪಕರ ಕೋಣೆಗೆ ಹೋಗಲು ಹೆದರಬೇಡ. ‘ಏನೂ ಅರ್ಥವಾಗಲಿಲ್ಲ’ ಎಂದರೆ ನಮಗೆ ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ. ‘ಈ ಸಾಲಿನವರೆಗೆ ಬಂದೆ, ಇಲ್ಲಿಂದ ಮುಂದಕ್ಕೆ ದಾರಿ ಕಾಣಲಿಲ್ಲ’ ಎಂದು ಬೆರಳಿಟ್ಟು ತೋರಿಸಿದ ಹುಡುಗ ನನಗೆ ವರ್ಷವಿಡೀ ನೆನಪಿರುತ್ತಾನೆ.

ವಿಷಯ ಬದಲಿಸಿದವನು

ಎಲ್ಲರೂ ‘ಸರಿಹೋಗುತ್ತದೆ’ ಎನ್ನುತ್ತಿದ್ದೀರಿ. ನೂರಕ್ಕೆ ತೊಂಬತ್ತು ಸಲ ಸರಿಯೇ ಇರಬಹುದು. ನನ್ನದು ಉಳಿದ ಹತ್ತರಲ್ಲಿ ಒಂದು, ಆದ್ದರಿಂದ ಬರೆಯುತ್ತಿದ್ದೇನೆ. ನನಗೆ ಗೆಳೆಯರಿದ್ದರು, ಹಾಸ್ಟೆಲ್ ಇಷ್ಟವಾಗಿತ್ತು. ಆದರೆ ನಾಲ್ಕು ತಿಂಗಳಾದರೂ ಒಂದೇ ಒಂದು ತರಗತಿಯಲ್ಲಿ ‘ಮುಂದೇನು’ ಎಂಬ ಕುತೂಹಲ ಹುಟ್ಟಲಿಲ್ಲ. ಮನೆಯವರ ಆಸೆಗೆ ಆರಿಸಿಕೊಂಡ ವಿಷಯ ಅದು. ಹೇಳಲು ಹೆದರಿ ಇಡೀ ವರ್ಷ ಕಳೆದೆ.

ತಂಗಿ, ನಿನಗೆ ನೀನೇ ಕೇಳಿಕೊಳ್ಳಬೇಕಾದದ್ದು: ನೋಯುತ್ತಿರುವುದು ಜಾಗವೋ, ಪಾಠವೋ? ಜಾಗವಾದರೆ ಕಾಲ ಕೊಡು. ಪಾಠವಾದರೆ ಈಗಲೇ ಎರಡು ಸಂಗತಿ ತಿಳಿದುಕೊಂಡಿರು. ವಿಷಯ ಬದಲಿಸಲು ಕೊನೆಯ ದಿನಾಂಕ ಯಾವುದು, ಪ್ರವೇಶ ಹಿಂತೆಗೆದುಕೊಂಡರೆ ಶುಲ್ಕದಲ್ಲಿ ಎಷ್ಟು ಹಿಂದಿರುಗುತ್ತದೆ. ಕಚೇರಿಯಲ್ಲಿ ಬಾಯಿಮಾತಿಗೆ ಕೇಳಿ ಬರಬೇಡ, ಬರಹದಲ್ಲಿ ಇರುವ ನಿಯಮವನ್ನೇ ಓದು. ನಾನು ಕೇಳಿದವರು ‘ಇನ್ನೂ ಸಮಯವಿದೆ’ ಎಂದರು. ಸಮಯ ಮುಗಿದು ಒಂಬತ್ತು ದಿನಗಳಾಗಿದ್ದವು.

ನಾಲ್ಕನೇ ದಿನ (ಶುಕ್ರವಾರ ರಾತ್ರಿ)

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ಅಣ್ಣ, ನೀವು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು: ಪಾಠವಲ್ಲ, ಜಾಗ. ಸಸ್ಯಶಾಸ್ತ್ರದ ತರಗತಿಯಲ್ಲಿ ಇವತ್ತು ಎಲೆಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಮೊದಲು ಬರೀ ಹಸಿರು ಮಂಜು. ತಿರುಪನ್ನು ಒಂದಿಷ್ಟೇ ತಿರುಗಿಸಿದೆ, ಪತ್ರರಂಧ್ರಗಳು ಪುಟ್ಟ ತುಟಿಗಳಂತೆ ಒಂದೊಂದಾಗಿ ತೆರೆದುಕೊಂಡವು. ಆ ಹೊತ್ತಿನಲ್ಲಿ ನಾನು ಒಬ್ಬಳೇ ಇದ್ದೇನೆ ಎಂಬುದು ನೆನಪೇ ಇರಲಿಲ್ಲ.

ಅಮ್ಮನಿಗೆ ಕೊಠಡಿ ಹುಡುಕಿದ ಕತೆ ಹೇಳಿದೆ. ಚೀಲದ ಕತೆ ಹೇಳಲು ಆಗಲಿಲ್ಲ. ಆದರೂ ಇವತ್ತು ನಲ್ಲಿ ತಿರುಗಿಸಲಿಲ್ಲ.

ಮೌನಿ

ಶನಿವಾರ, ಭಾನುವಾರ ಉದ್ದವಾಗಿರುತ್ತವೆ, ಮೊದಲೇ ತಿಳಿದಿರಿ. ತರಗತಿ ಇಲ್ಲದ ದಿನವೇ ಹೆಚ್ಚು ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ಕೋಣೆಯಿಂದ ಹೊರಗೆ ಹೊರಡಿ. ವೇಳಾಪಟ್ಟಿ ಹಿಡಿದು ಮುಂದಿನ ವಾರದ ಎಲ್ಲ ಕೊಠಡಿಗಳನ್ನೂ ಒಮ್ಮೆ ನಡೆದು ನೋಡಿ. ಖಾಲಿ ಕಟ್ಟಡದಲ್ಲಿ ದಾರಿ ತಪ್ಪಿದರೆ ಯಾರಿಗೂ ಕಾಣುವುದಿಲ್ಲ. ನಾನು ಆ ಕಿಟಕಿಯ ಮೇಜನ್ನು ಕಂಡುಕೊಂಡಿದ್ದು ಹಾಗೆ ಅಲೆಯುವಾಗಲೇ.

ನಾಲ್ಕನೇ ದಿನ (ಸೋಮವಾರ ರಾತ್ರಿ)

ಭಾನುವಾರ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಸಂಜೆ ನಾಲ್ಕರಿಂದ ಆರರವರೆಗೆ ಬಹಳ ಕಷ್ಟವಾಯಿತು. ಆದರೆ ಎಲ್ಲ ಕೊಠಡಿಗಳನ್ನೂ ನೋಡಿ ಬಂದೆ.

ಇವತ್ತು ಹತ್ತು ನಿಮಿಷ ಮುಂಚೆ ಹೋಗಿ ಅದೇ ಕೊನೆಯ ಸಾಲಿನ ಅದೇ ಜಾಗದಲ್ಲಿ ಕುಳಿತೆ. ಒಬ್ಬಳು ಬಂದು ಒಂದು ಕುರ್ಚಿ ಬಿಟ್ಟು ಕುಳಿತಳು. ಅರ್ಧ ಗಂಟೆ ಇಬ್ಬರೂ ಬರೆಯುತ್ತಿದ್ದೆವು. ಅಧ್ಯಾಪಕರು ಒಂದು ಪದವನ್ನು ಬೇಗ ಹೇಳಿ ಮುಂದೆ ಹೋದರು. ಅವಳು ನನ್ನ ಕಡೆ ಬಾಗಿ, ‘ಆ ಪದ ಏನೆಂದು ಬರೆದುಕೊಂಡಿರಿ?’ ಎಂದು ಕೇಳಿದಳು. ನನ್ನ ನೋಟ್‌ಬುಕ್ ಅವಳ ಕಡೆ ಸರಿಸಿದೆ. ತರಗತಿ ಮುಗಿದ ಮೇಲೆ ಪುಸ್ತಕದಲ್ಲಿ ನೋಡಿದರೆ ಇಬ್ಬರೂ ತಪ್ಪು ಬರೆದಿದ್ದೆವು, ಎರಡೂ ಬೇರೆ ಬೇರೆ ತಪ್ಪು. ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಮೆಟ್ಟಿಲು ಇಳಿಯುವವರೆಗೆ ಒಟ್ಟಿಗೆ ಬಂದೆವು. ಅವಳ ಮುಂದಿನ ತರಗತಿ ಬೇರೆ ಕಟ್ಟಡದಲ್ಲಿತ್ತು, ಹೊರಟುಹೋದಳು.

ಕೊನೆಯ ಪುಟದಲ್ಲಿ ಅವಳ ಹೆಸರು ಬರೆದಿದ್ದೇನೆ. ಪಕ್ಕದಲ್ಲಿ ‘ನೀಲಿ ಶಾಯಿ ಪೆನ್ನು, ಬೆರಳಲ್ಲಿ ಕಲೆ’ ಎಂದಿದೆ. ಪುಟದಲ್ಲಿರುವುದು ಸದ್ಯಕ್ಕೆ ಅದೊಂದೇ ಹೆಸರು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಾಲಯ. ಇಬ್ಬಿಬ್ಬರು ಜೋಡಿಯಾಗಿ ಬರಬೇಕು ಎಂದು ಫಲಕದಲ್ಲಿ ಹಾಕಿದ್ದಾರೆ. ಅವಳನ್ನು ಕೇಳಲೇ? ಈಗಾಗಲೇ ಯಾರಾದರೂ ಇದ್ದರೆ?

ಎರಡನೇ ವರ್ಷ

ಎಂಟೂ ಮುಕ್ಕಾಲಿಗೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿರು ತಂಗಿ. ಅವಳು ಬಂದ ಕೂಡಲೇ ಕೇಳು. ಬೇರೆಯವರಿದ್ದಾರೆ ಎಂದರೆ ಅಲ್ಲಿ ಒಬ್ಬರೇ ನಿಂತಿರುವ ಇನ್ನೊಬ್ಬರು ಇದ್ದೇ ಇರುತ್ತಾರೆ, ಅವರನ್ನು ಕೇಳು. ನಾಳೆ ರಾತ್ರಿ ಬಂದು ಬರೆ, ಕಾಯುತ್ತಿರುತ್ತೇನೆ.